ಒಂದು ಜೀವದ ಬೆಲೆ



ಮುಂಬೈಯ ಘಾಟ್ಕೋಪರ್‌ನಲ್ಲಿ ನೀರ್ಜಾ ಭನೋಟ್ ಎಂಬ ಗಗನಸಖಿಯ ಸ್ಮರಣೆಗಾಗಿ ಆಕೆಯ ಹೆಸರಿಟ್ಟ ಒಂದು ಚೌಕವಿದೆ. ಆ ಹೆಸರಿನ ಹಿಂದಿರುವ ಘಟನೆ ಸತ್ಯವಿಶ್ವಾಸಿಗಳಾದ ನಮ್ಮನ್ನು ಚಿಂತನೆಗೆ ಹಚ್ಚಬೇಕು.

1986ರ ಸೆಪ್ಟೆಂಬರ್ 5ರಂದು ಮುಂಬೈಯಿಂದ ಬಂದ ಪ್ಯಾನ್ ಆಮ್ ವಿಮಾನವನ್ನು ಕರಾಚಿಯಲ್ಲಿ ನಾಲ್ವರು ಬಂದೂಕುಧಾರಿಗಳು ವಶಪಡಿಸಿಕೊಂಡರು. ನೀರ್ಜಾ ಕೊಟ್ಟ ಎಚ್ಚರಿಕೆಯಿಂದ ಪೈಲಟ್‌ಗಳು ಪಾರಾದರು; ವಿಮಾನ ಮೇಲೇರಲಾಗಲಿಲ್ಲ. ಅಮೆರಿಕನ್ನರನ್ನು ಗುರುತಿಸಲು ಪಾಸ್‌ಪೋರ್ಟ್ ಸಂಗ್ರಹಿಸಬೇಕೆಂಬ ಆಜ್ಞೆ ಬಂದಾಗ, ಆಕೆ ಮತ್ತು ಆಕೆಯ ಸಂಗಡಿಗರು ಅಮೆರಿಕನ್ ಪಾಸ್‌ಪೋರ್ಟ್‌ಗಳನ್ನು ಬಚ್ಚಿಟ್ಟರು. ಸುಮಾರು 17 ಗಂಟೆಗಳ ನಂತರ ವಿಮಾನದೊಳಗೆ ಗುಂಡಿನ ಮಳೆ ಸುರಿಯಿತು. ನೀರ್ಜಾ ತುರ್ತು ಬಾಗಿಲು ತೆರೆದರು. ಮೊದಲು ತಾವೇ ಹೊರಗೆ ಹಾರಬಹುದಿತ್ತು. ಆದರೆ ಪ್ರಯಾಣಿಕರನ್ನು ಕಳುಹಿಸುತ್ತಾ ನಿಂತು, ಮಕ್ಕಳಿಗೆ ಅಡ್ಡವಾಗಿ ಗುಂಡೇಟಿಗೆ ಬಲಿಯಾದರು. ಆಕೆಗೆ 23 ವರ್ಷ ತುಂಬಲು ಇನ್ನೆರಡು ದಿನಗಳಿದ್ದವು. ಭಾರತ ಮರಣೋತ್ತರವಾಗಿ ಅಶೋಕ ಚಕ್ರ ನೀಡಿತು. ಪಾಕಿಸ್ತಾನವೂ ಆಕೆಯನ್ನು ಗೌರವಿಸಿತು.

ಗುಂಡು ಹಾರಿಸಿದವರಿಗೆ ಮುಸ್ಲಿಮ್ ಹೆಸರುಗಳಿದ್ದವು. ಬಾಗಿಲು ತೆರೆದವಳು ಮುಸ್ಲಿಮಳಾಗಿರಲಿಲ್ಲ. ಹಾಗಾದರೆ ನಾವು ಯಾರ ಪರ ನಿಲ್ಲಬೇಕು? ಪವಿತ್ರ ಕುರ್‌ಆನ್ ಇದರಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. ನಿರಪರಾಧಿಯೊಬ್ಬನ ಕೊಲೆ ಸಕಲ ಮಾನವರ ಕೊಲೆಗೆ ಸಮಾನ, ಒಂದು ಜೀವದ ರಕ್ಷಣೆ ಸಕಲ ಮಾನವರ ರಕ್ಷಣೆಗೆ ಸಮಾನ ಎಂಬುದು ಅಲ್‌ಮಾಇದಃ ಅಧ್ಯಾಯದ 32ನೇ ಸೂಕ್ತದ ಬೋಧನೆ. ಅಲ್ಲಿ ಹೇಳಿರುವುದು ಜೀವದ ಬಗ್ಗೆ. ಜೀವದ ಜಾತಿಯ ಬಗ್ಗೆಯಲ್ಲ. 'ಅವರು ನಮ್ಮವರು' ಎಂದು ಅಕ್ರಮವನ್ನು ಸಮರ್ಥಿಸುವವನು ಧರ್ಮದ ಸೇವೆ ಮಾಡುವುದಿಲ್ಲ, ಅದಕ್ಕೆ ಕಳಂಕ ತರುತ್ತಾನೆ.

ಇನ್ನೊಂದು ವಿಷಯ. ಪ್ರತಿಯೊಬ್ಬನೂ ತನ್ನ ಹೊಣೆಗೆ ಒಪ್ಪಿಸಲ್ಪಟ್ಟವರ ಕುರಿಗಾಹಿ, ಅವರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬಸ್ಸಿನ ಚಾಲಕನಿಗೆ ಅದರಲ್ಲಿರುವ ಪ್ರಯಾಣಿಕರು, ದಾದಿಗೆ ವಾರ್ಡಿನ ರೋಗಿಗಳು, ಅಧ್ಯಾಪಕನಿಗೆ ತರಗತಿಯ ಮಕ್ಕಳು ಅಮಾನತ್ತು. ಅವರು ಯಾವ ಧರ್ಮದವರೆಂದು ಕೇಳುವ ಹಕ್ಕು ನಮಗಿಲ್ಲ. ಸಂಬಳಕ್ಕೆ ಮಾಡುವ ದುಡಿಮೆಯೂ ಹೀಗೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾದ ಹೊಣೆಯಾಗಿದೆ.

ನಿಮ್ಮ ಮಕ್ಕಳಿಗೆ ಈ ಘಟನೆಯನ್ನು ಹೇಳಿರಿ. ಒಳಿತು ಯಾರಲ್ಲಿ ಕಂಡರೂ ಒಪ್ಪಿಕೊಳ್ಳುವ, ಕೆಡುಕು ನಮ್ಮವರಲ್ಲಿದ್ದರೂ ವಿರೋಧಿಸುವ ಧೈರ್ಯ ಅವರಲ್ಲಿ ಬೆಳೆಯಲಿ. ನಮ್ಮ ಹೊಣೆಯಲ್ಲಿರುವವರನ್ನು ಕೈಬಿಡದಿರುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.