ನಿಲ್ಲದ ಮುಖಕ್ಕೆ ನಿಲ್ಲುವ ಬಣ್ಣ

ನಮ್ಮ ಕೈವಾರದ ಸುತ್ತಮುತ್ತ ಬೆಳಗಿನ ಮುಹೂರ್ತವೆಂದರೆ ಮದುಮಗಳಿಗೆ ಮೇಕಪ್ಪು ಮಾಡುವ ನನ್ನ ಕೆಲಸ ಮೂರು ಗಂಟೆಗೇ ಶುರು. ಆಗ ಹಚ್ಚಿದ್ದು ಹೋಮದ ಹೊಗೆ ತಡೆಯಬೇಕು, ಧಾರೆ ಹೊತ್ತಿನ ಕಣ್ಣೀರು ತಡೆಯಬೇಕು. ಚಿಂತಾಮಣಿಯ ಛತ್ರದಲ್ಲಿ ಮಧ್ಯಾಹ್ನದ ಸೆಕೆ ದಾಟಿ, ರಾತ್ರಿ ಗಂಡನ ಮನೆಯಲ್ಲಿ ಸೇರು ಒದ್ದು ಒಳಗೆ ಹೋಗುವವರೆಗೂ ಹುಡುಗಿಯ ಮುಖದ ಮೇಲೆ ಇರಬೇಕು.

ಇದಕ್ಕೆ ದೊಡ್ಡ ಶತ್ರು ಬೆವರಲ್ಲ, ಎಣ್ಣೆ. ಹಿಂದಿನ ದಿನ ನಲುಗಿನಲ್ಲಿ ಅತ್ತೆಯರು, ಚಿಕ್ಕಮ್ಮಂದಿರು ಪ್ರೀತಿಯಿಂದ ಬಳಿದ ಎಣ್ಣೆ ಅರಿಶಿನ ಕಿವಿಯ ಹಿಂದೆ, ಮೂಗಿನ ಸಂದಿಯಲ್ಲಿ, ಹಣೆಯ ಕೂದಲ ಅಂಚಿನಲ್ಲಿ ಉಳಿದಿರುತ್ತದೆ. ಅದರ ಮೇಲೆ ಫೌಂಡೇಶನ್ ಹಾಕಿದರೆ ಒಂಬತ್ತು ಗಂಟೆಗೆಲ್ಲ ಬಿರುಕು ಬಿಡುತ್ತದೆ. ಹಾಗಾಗಿ ಮೊದಲು ಚೆನ್ನಾಗಿ ತೊಳೆಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಆಡಿಸಿ, ಮಾಯಿಶ್ಚರೈಸರ್ ಹಚ್ಚಿ ಸುಮ್ಮನೆ ಕೂರಿಸುತ್ತೇನೆ. ಅದು ಚರ್ಮಕ್ಕೆ ಇಳಿಯುವವರೆಗೆ ಬ್ರಷ್ ಮುಟ್ಟುವುದಿಲ್ಲ. ಆಮೇಲೆ ಪ್ರೈಮರ್, ತೆಳುವಾಗಿ ಒಂದು ಪದರ, ಅದು ಒಣಗಿದ ಮೇಲೆ ಬೇಕಾದ ಕಡೆ ಮಾತ್ರ ಇನ್ನೊಂದು. ಪೌಡರನ್ನು ಪಫ್‌ನಿಂದ ಒತ್ತಬೇಕು, ಉಜ್ಜಬಾರದು. ಬೆವರು ಬಂದರೂ ಅಷ್ಟೇ, ಟಿಶ್ಯೂವಿನಲ್ಲಿ ಒತ್ತಿ ತೆಗೆಯಬೇಕು. ದಪ್ಪಗೆ ಬಳಿದಷ್ಟೂ ಬಣ್ಣ ಬೇಗ ಬಿಡುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಮಠದ ಭಜನೆ ತಪ್ಪಿಸಿದವರಲ್ಲ. ಒಂದು ಸಂಜೆ ನನ್ನ ಪಾರ್ಲರಿನ ಮೆಟ್ಟಿಲ ಮೇಲೆ ಕೂತು ಕೇಳಿದರು: “ಈ ದೇಹ ನಿಲ್ಲೋದಲ್ಲ ಅಂತ ತಾತಯ್ಯನೋರು ಸಾರಿದ ಊರಮ್ಮ ಇದು. ನಿಲ್ಲದ ಮುಖಕ್ಕೆ ನಿಲ್ಲೋ ಬಣ್ಣ ಹಚ್ತೀಯಲ್ಲ, ಇದಕ್ಕೇನಮ್ಮ ಅರ್ಥ?” ಹಂಗಿಸಿ ಕೇಳಿದ ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು. ನನಗೂ ಅದು ಬಿಡದೆ ಹಿಡಿದುಕೊಂಡಿತು.

ಕೈವಾರದ ತಾತಯ್ಯ, ಯೋಗಿ ನಾರೇಯಣರು 1726ರಲ್ಲಿ ಹುಟ್ಟಿ 1836ರವರೆಗೆ ಬಾಳಿದರು ಎನ್ನುವುದು ಮಠದ ನಂಬಿಕೆ. ಕಾಲಜ್ಞಾನ ಬರೆದವರು, ತೆಲುಗು ಕನ್ನಡ ಎರಡರಲ್ಲೂ ಹಾಡಿದವರು. ಅದಕ್ಕೂ ಮೊದಲು ಅವರು ಬಳೆ ಮಾರುತ್ತಿದ್ದರು. ಗುರು ಕೊಟ್ಟ ಕಲ್ಲನ್ನು ಬಾಯಲ್ಲಿಟ್ಟುಕೊಂಡು ಗುಹೆಯಲ್ಲಿ ಜಪಕ್ಕೆ ಕೂತರು, ಕಲ್ಲು ಕಲ್ಲುಸಕ್ಕರೆಯಾಯಿತು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವಾಗ ಬಳೆಯ ಮಲಾರ ಮಾಯೆ, ಗುಹೆ ಮಾತ್ರ ಸತ್ಯ ಎನ್ನುವ ಹಾಗೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಳೆ ತೊಡಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬೆರಳುಗಳನ್ನು ಒಟ್ಟಿಗೆ ಹಿಡಿದು, ಹೆಬ್ಬೆರಳ ಬುಡವನ್ನು ಮೆತ್ತಗೆ ಒಳಕ್ಕೆ ಒತ್ತಿ, ಗಾಜೂ ಒಡೆಯದಂತೆ ಚರ್ಮವೂ ತರಚದಂತೆ ಗಿಣ್ಣು ದಾಟಿಸಬೇಕು. ಗಾಜು ಇವತ್ತಲ್ಲ ನಾಳೆ ಒಡೆಯುತ್ತದೆಂದು ಬಳೆಗಾರನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ತೊಡಿಸುವಾಗ ಅವನ ಕೈಯಲ್ಲಿ ಉದಾಸೀನವಿರುವುದಿಲ್ಲ. ದೇಹ ನಿಲ್ಲುವುದಲ್ಲ ಎಂಬ ಅರಿವು ತಾತಯ್ಯನವರಿಗೆ ಗುಹೆಗೆ ಹೋಗುವ ಮೊದಲೇ, ಆ ಮಣಿಕಟ್ಟುಗಳನ್ನು ಹಿಡಿದಾಗಲೇ ಮೊಳೆತಿರಬೇಕು ಎಂದು ನಾನು ನಂಬುತ್ತೇನೆ.

ದೇವಸ್ಥಾನದಲ್ಲೂ ನಡೆಯುವುದು ಅದೇ ತಾನೇ. ಹಬ್ಬದ ದಿನ ಅರ್ಚಕರು ಬಾಗಿಲು ಹಾಕಿಕೊಂಡು ಗಂಧ, ಬೆಣ್ಣೆ, ಹೂವಿನಿಂದ ಗಂಟೆಗಟ್ಟಲೆ ಅಲಂಕಾರ ಮಾಡುತ್ತಾರೆ. ಮರುದಿನ ಅಭಿಷೇಕಕ್ಕೆ ಮುಂಚೆ ಎಲ್ಲ ತೆಗೆದು ನಿರ್ಮಾಲ್ಯಕ್ಕೆ ಹಾಕುತ್ತಾರೆ. ನಿನ್ನೆಯ ಶ್ರಮ ವ್ಯರ್ಥವಾಯಿತೆಂದು ಯಾರೂ ಅನ್ನುವುದಿಲ್ಲ. ಎಷ್ಟು ಹೊತ್ತು ನಿಂತಿತು ಎನ್ನುವುದರಿಂದ ಸೇವೆಯನ್ನು ಅಳೆಯುವುದಾದರೆ ಪೂಜೆಯೇ ಉಳಿಯುವುದಿಲ್ಲ. ಇಡೀ ದಿನ ನಿಲ್ಲಲಿ ಎಂದು ನಾನು ಪಾಡುಪಡುವುದು ಆ ದಿನಕ್ಕೆ ಸಲ್ಲಬೇಕಾದ ಮರ್ಯಾದೆಗೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಲ್ಲಿ ಒರೆಸಿ ಮಲಗಬೇಕೆಂದು ಪ್ರತಿ ಹುಡುಗಿಗೂ ಹೇಳಿ ಕಳಿಸುತ್ತೇನೆ. ತೆಗೆಯದೆ ಮಲಗಿದರೆ ಚರ್ಮ ಕೆಡುತ್ತದೆ.

ಅಜ್ಜಿಗೆ ಇಷ್ಟನ್ನೂ ಹೇಳಿದೆ. ಅವರು ಕೇಳಿಸಿಕೊಂಡು, “ಹಂಗಾದ್ರೆ ಸುಳ್ಳು ಎಲ್ಲೈತೆ?” ಅಂದರು. ಮೊದಲಿನ ಪ್ರಶ್ನೆಗಿಂತ ಇದೇ ಕಷ್ಟದ್ದು.

ಸುಳ್ಳು ಇದೆ. ಮಗಳನ್ನು ಕರೆತಂದ ತಾಯಿ ಹುಡುಗಿಯ ಎದುರಿಗೇ “ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ಮಾಡಮ್ಮ” ಎಂದಾಗ ಅದು ಒಳಗೆ ಬರುತ್ತದೆ. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೆಸರು ‘ಗ್ಲೋ ಅಂಡ್ ಲವ್ಲಿ’ ಆಯಿತು, ಆದರೆ ಆ ಮಾತು ನನ್ನ ಕುರ್ಚಿಯ ಪಕ್ಕದಲ್ಲಿ ಇನ್ನೂ ಕೇಳುತ್ತಲೇ ಇದೆ. ಮದುವೆ ಗೊತ್ತಾದ ದಿನದಿಂದ ಸ್ಟೀರಾಯ್ಡ್ ಇರುವ ಕ್ರೀಮು ಹಚ್ಚಿಕೊಂಡು ಕೆನ್ನೆ ತೆಳುವಾಗಿ, ಕೆಂಪಗೆ ಉರಿಯುವ ಮುಖದಲ್ಲಿ ಬಂದ ಹುಡುಗಿಯರನ್ನು ನೋಡಿದ್ದೇನೆ. ಕರಿಕಲ್ಲಿನ ನಾರಾಯಣನಿಗೆ ಬೆಣ್ಣೆ ಅಲಂಕಾರ ಮಾಡಿದಾಗ ಅವನೂ ಬೆಳ್ಳಗೆ ಕಾಣುತ್ತಾನೆ, ನಿಜ. ಆದರೆ ಬೆಣ್ಣೆ ತೆಗೆದ ಮೇಲೆ ಆ ಕಪ್ಪನ್ನು ನೋಡಿ ಯಾರೂ ಮುಖ ತಿರುಗಿಸುವುದಿಲ್ಲ, ಅದಕ್ಕೂ ಕೈಮುಗಿಯುತ್ತಾರೆ. ಈ ಹುಡುಗಿಗೆ ಮಾತ್ರ, ಬಣ್ಣ ತೊಳೆದರೆ ನಿನ್ನದು ತಪ್ಪು ಮುಖ ಎಂದು ಹೇಳಿಕೊಡುತ್ತಿದ್ದೇವೆ. ಅವಳು ಮೇಕಪ್ಪು ತೆಗೆಯಲು ಹೆದರುತ್ತಾಳೆ. ಎಷ್ಟೋ ಜನ ಮೊದಲ ರಾತ್ರಿಯೂ ತೆಗೆಯುವುದಿಲ್ಲ.

ಅದಕ್ಕೇ ಶೇಡನ್ನು ನಾನು ಟ್ಯೂಬ್‌ಲೈಟಿನ ಕೆಳಗೆ ಆರಿಸುವುದಿಲ್ಲ. ಮದುವೆಗೆ ಮೊದಲೇ ಒಂದು ಹಗಲು ಕರೆಸಿ, ಹುಡುಗಿಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ದವಡೆಯ ಅಂಚಿನಲ್ಲಿ ಮೂರು ಗೆರೆ ಎಳೆದು, ಕುತ್ತಿಗೆಯ ಬಣ್ಣದಲ್ಲಿ ಯಾವುದು ಕರಗಿಹೋಗುತ್ತದೋ ಅದನ್ನು ತೆಗೆದುಕೊಳ್ಳುತ್ತೇನೆ. ತಾಯಂದಿರು ಬೇಸರ ಮಾಡಿಕೊಳ್ಳುತ್ತಾರೆ, ಕೆಲವರು ಅಡ್ವಾನ್ಸ್ ವಾಪಸ್ ಕೇಳಿ ಚಿಂತಾಮಣಿಗೆ ಹೋಗುತ್ತಾರೆ. ಕೊಟ್ಟು ಕಳಿಸುತ್ತೇನೆ.