ಗೋಡೆಯ ಒಡಕು

ಧ್ಯಾನಭಾಗ: ನೆಹೆಮೀಯ 4:9, ಯೋಹಾನ 9:1-7



ಯೆರೂಸಲೇಮಿನ ಗೋಡೆಯನ್ನು ಕಟ್ಟುತ್ತಿದ್ದಾಗ ಶತ್ರುಗಳು ಒಳಸಂಚು ಮಾಡಲು ನೆಹೆಮೀಯನು ಏನು ಮಾಡಿದನು? ದೇವರಿಗೆ ಮೊರೆಯಿಟ್ಟನು, ಹಗಲಿರುಳು ಕಾವಲನ್ನೂ ಇಟ್ಟನು. ಪ್ರಾರ್ಥನೆಯಾಯಿತೆಂದು ಕಾವಲನ್ನು ಬಿಡಲಿಲ್ಲ. ಕಾವಲಿದೆಯೆಂದು ಪ್ರಾರ್ಥನೆಯನ್ನು ಬಿಡಲಿಲ್ಲ. ನಮ್ಮ ಕೂಸುಗಳ ವಿಷಯದಲ್ಲಿಯೂ ನಾವು ಹೀಗೆಯೇ ನಡೆಯತಕ್ಕದ್ದು.

ಮಿದುಳಿನ ಸುತ್ತಲೂ ದೇವರು ಚರ್ಮ, ಎಲುಬು, ಪೊರೆ ಎಂಬ ಗೋಡೆಗಳನ್ನು ಕಟ್ಟಿದ್ದಾನೆ. ಕೆಲವು ಕೂಸುಗಳಿಗಾದರೋ ಹುಟ್ಟುವಾಗಲೇ ಈ ಗೋಡೆಯಲ್ಲಿ ಒಡಕಿರುವದು. ಗರ್ಭದ ಮೊದಲನೆಯ ತಿಂಗಳಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಹುಟ್ಟಿ ಬೇರೆಬೇರೆಯಾಗುತ್ತವೆ. ಎಲ್ಲಿಯಾದರೂ ಅವು ಬೇರ್ಪಡದೆ ಹೋದರೆ, ಅಲ್ಲಿ ಚರ್ಮದಿಂದ ಒಳಕ್ಕೆ ಸಣ್ಣ ದಾರಿಯೊಂದು ಉಳಿಯುವದು. ಹೊರಗೆ ಕಾಣುವದು ಹಿಂದಲೆಯ ನಡುವೆ, ಮೂಗಿನ ಮೇಲೆ ಅಥವಾ ಬೆನ್ನಿನ ನಡುಗೆರೆಯಲ್ಲಿ ಸೂಜಿಮೊನೆಯಷ್ಟು ಕುಳಿ ಮಾತ್ರ. ಅದರಲ್ಲಿ ಕೆಲವೊಮ್ಮೆ ಒಂದೆರಡು ಕೂದಲು, ಸುತ್ತಲೂ ಕೆಂಪು, ಇಲ್ಲವೆ ಒಸರು. ತಲೆಯಲ್ಲಿರುವ ದಾರಿಯು ಬುರುಡೆಯನ್ನು ತೂರಿ ಮಿದುಳಿನವರೆಗೂ ಹೋಗಬಹುದು. ಆ ದಾರಿಯಿಂದ ರೋಗಾಣುಗಳು ಹೊಕ್ಕರೆ ಪೊರೆಗಳು ಬಾತು ಮಿದುಳುಜ್ವರ ಬರುವದು, ಮಿದುಳೊಳಗೆ ಕೀವೂ ಕಟ್ಟುವದು. ಔಷಧದಿಂದ ಒಮ್ಮೆ ವಾಸಿಯಾದರೂ ದಾರಿಯು ತೆರೆದಿರುವ ತನಕ ಅದು ಮರಳಿ ಬರಬಹುದು.

ಇಂಥ ಕುರುಹನ್ನು ಕಂಡವರು, ತಾಯಿ ಗ್ರಹಣದಲ್ಲಿ ಹೊರಗೆ ಬಂದಳೆಂತಲೂ ಹಿರಿಯರ ಪಾಪವೆಂತಲೂ ಆಡಿಕೊಳ್ಳುವರು. ದುಃಖದ ಸಂಗತಿಯೇನಂದರೆ, ಸಭೆಯವರ ಬಾಯಿಂದಲೂ ಈ ಮಾತು ಬರುವದುಂಟು. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಹೀಗೆಯೇ ಕೇಳಿದರಲ್ಲವೋ? ಕರ್ತನು ಆ ಕುರುಡುತನಕ್ಕೆ ಅವನ ಪಾಪವನ್ನಾಗಲಿ ತಂದೆತಾಯಿಗಳ ಪಾಪವನ್ನಾಗಲಿ ಕಾರಣವೆನ್ನಲಿಲ್ಲ. ಅವನಿಗೆ ದೃಷ್ಟಿಯನ್ನು ಕೊಟ್ಟನು. ಆದಕಾರಣ ತಾಯಿಯನ್ನು ದೂರುವ ನಾಲಿಗೆ ಸುಮ್ಮನಿರಲಿ. ಕೂಸನ್ನು ಎತ್ತಿಕೊಳ್ಳುವ ಕೈ ಮುಂದೆ ಬರಲಿ.

ತಾಯಂದಿರೇ, ಕೂಸಿಗೆ ಎರೆಯುವಾಗ ತಲೆಯನ್ನೂ ಬೆನ್ನನ್ನೂ ಚೆನ್ನಾಗಿ ನೋಡಿರಿ. ಕುಳಿ ಕಂಡರೆ ಕಡ್ಡಿಯಿಂದ ಕೆದಕಬೇಡಿರಿ, ಹಿಸುಕಬೇಡಿರಿ, ಬೂದಿ, ಸೊಪ್ಪಿನ ರಸ ಹಚ್ಚಬೇಡಿರಿ, ಬರೆ ಹಾಕಿಸಬೇಡಿರಿ. ಬಾಲದೆಲುಬಿನ ಹತ್ತಿರ, ಪೃಷ್ಠದ ಸೀಳಿನೊಳಗಿರುವ ಸಣ್ಣ ಕುಳಿಯು ಸಾಮಾನ್ಯವಾಗಿ ನಿರಪಾಯವಾದದ್ದು. ಆದರೂ ಅದನ್ನು ತೀರ್ಮಾನಿಸತಕ್ಕವರು ವೈದ್ಯರು. ಜ್ವರ ಬರುವದಕ್ಕೆ ಮುಂಚೆಯೇ ತೋರಿಸಿದರೆ, ಅವರು ಸ್ಕ್ಯಾನ್ ಮಾಡಿ ಒಳಗಿನ ದಾರಿಯನ್ನು ತಿಳಿದು, ಶಸ್ತ್ರಚಿಕಿತ್ಸೆಯಿಂದ ಅದನ್ನು ಪೂರಾ ತೆಗೆದುಹಾಕುವರು. ಜ್ವರದೊಡನೆ ವಾಂತಿ, ನೆತ್ತಿಯ ಉಬ್ಬು, ಕುತ್ತಿಗೆಯ ಬಿಗಿತ, ಸೆಳವು, ಎಬ್ಬಿಸಿದರೂ ಏಳದ ಮಂಪರು ಇವುಗಳಲ್ಲಿ ಯಾವದು ಕಂಡರೂ ಭಾನುವಾರದ ಪ್ರಾರ್ಥನೆಗೆ ಕಾಯಬೇಡಿರಿ. ದಾರಿಯಲ್ಲಿ ಪ್ರಾರ್ಥಿಸುತ್ತಾ ಆಗಲೇ ಆಸ್ಪತ್ರೆಗೆ ಹೊರಡಿರಿ.

ವೈದ್ಯರ ಕೈಯೂ ದೇವರ ದಾನವೇ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ 1949ರಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ಮಿದುಳು ಮತ್ತು ನರಗಳ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಬಡ ಮನೆಯವರು ಹೊರಡಲಾರದಿದ್ದರೆ, ಬಸ್ಸಿನ ಹಣವನ್ನು ಕೂಡಿಸಿ ಜೊತೆಗೊಬ್ಬರನ್ನು ಕಳುಹಿಸುವದು ಸಭೆಯ ಕೆಲಸವಾಗಿದೆ.

ಚಿಕ್ಕವರನ್ನು ತನ್ನ ಹತ್ತಿರಕ್ಕೆ ಕರೆದ ಕರ್ತನು ನಮ್ಮನ್ನು ಎಚ್ಚರವುಳ್ಳ ಕಾವಲುಗಾರರನ್ನಾಗಿ ಮಾಡಲಿ. ಆಮೆನ್.