ಮುಷ್ಟಿವಿದ್ಯೆಯೂ ವಿರೋಧಿ ಹಿಂಸೆಯೂ

ಶ್ರಾವಕನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಗೃಹಸ್ಥನಿಗೆ ಅನಿವಾರ್ಯವೆಂದು ಆಚಾರ್ಯರು ವಿನಾಯಿತಿ ಕೊಟ್ಟಿದ್ದಾರೆ. ಹಾಗಾದರೆ ಆತ್ಮರಕ್ಷಣೆಗೆಂದು ಮಕ್ಕಳನ್ನು ಟೇಕ್ವಾಂಡೋ ತರಗತಿಗೆ ಕಳುಹಿಸುವುದು ಅಣುವ್ರತಕ್ಕೆ ಬಾಧಕವೇ? ಆ ವಿದ್ಯೆಗೆ ಹೆಸರಿಟ್ಟವರೆಂದು ಪ್ರಸಿದ್ಧರಾದ ಕೊರಿಯಾದ ಚೋಯ್ ಹಾಂಗ್ ಹೀ ಅವರ ಜೀವನವು ಈ ಪ್ರಶ್ನೆಗೆ ಒಳ್ಳೆಯ ದೃಷ್ಟಾಂತ.

1918ರಲ್ಲಿ, ಇಂದು ಉತ್ತರ ಕೊರಿಯಾಕ್ಕೆ ಸೇರಿದ ಪ್ರದೇಶದಲ್ಲಿ, ಜಪಾನೀಯರ ಆಳ್ವಿಕೆಯ ಕಾಲದಲ್ಲಿ ಚೋಯ್ ಜನಿಸಿದರು. ಬಾಲ್ಯದಲ್ಲಿ ಕೃಶಕಾಯರು. ಓದಿಗಾಗಿ ಜಪಾನಿಗೆ ತೆರಳುವ ಮುನ್ನ ಜೂಜಿನಲ್ಲಿ ಊರಿನ ಮಲ್ಲನೊಬ್ಬನೊಡನೆ ಜಗಳವಾಯಿತೆಂದೂ ಅವನು ಕೈಕಾಲು ಮುರಿಯುವೆನೆಂದು ಬೆದರಿಸಿದನೆಂದೂ ಅವರೇ ಬರೆದುಕೊಂಡಿದ್ದಾರೆ. ಕ್ಯೋಟೋದಲ್ಲಿ ಕರಾಟೆ ಕಲಿಯುವಾಗ ಆ ಮಲ್ಲನನ್ನೇ ನೆನೆದು ರಾತ್ರಿ ಬೀದಿಯ ಕಂಬಗಳನ್ನು ಒದೆಯುತ್ತಿದ್ದರಂತೆ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವು ಜಗತ್ಪ್ರಸಿದ್ಧ ವಿದ್ಯೆಯೊಂದರ ಬೇರಿನಲ್ಲಿರುವುದು ಸೋಜಿಗವೇ ಸರಿ!

ಇದು ಯಾವ ಹಿಂಸೆ? ಮೇಲುನೋಟಕ್ಕೆ ವಿರೋಧಿ, ಭಾವದಲ್ಲಿ ಸಂಕಲ್ಪಿ. ಎದುರಾಳಿಯು ಸಮುದ್ರದಾಚೆ ಇದ್ದಾನೆ, ಪೆಟ್ಟು ಮಾತ್ರ ಪ್ರತಿರಾತ್ರಿ ಮನಸ್ಸಿನೊಳಗೆ ಬೀಳುತ್ತಿದೆ. ದ್ರವ್ಯಹಿಂಸೆ ಲವಲೇಶವೂ ಇಲ್ಲ, ಭಾವಹಿಂಸೆಗೆ ಬಿಡುವಿಲ್ಲ.

ಮುಂದೆ ಅವರನ್ನು ಬಲವಂತದಿಂದ ಜಪಾನಿ ಸೈನ್ಯಕ್ಕೆ ಸೇರಿಸಲಾಯಿತು. ಸ್ವಾತಂತ್ರ್ಯದ ಸಂಚಿನ ಆರೋಪದ ಮೇಲೆ ಪ್ಯೊಂಗ್ಯಾಂಗಿನಲ್ಲಿ ಸೆರೆಯಲ್ಲಿದ್ದು 1945ರಲ್ಲಿ ಬಿಡುಗಡೆ ಹೊಂದಿದರು. ದಕ್ಷಿಣ ಕೊರಿಯಾದ ಸೇನಾಧಿಕಾರಿಯಾಗಿ ಯೋಧರಿಗೆ ವಿದ್ಯೆ ಕಲಿಸಿದರು. 1955ರಲ್ಲಿ ಟೇಕ್ವಾಂಡೋ ಎಂಬ ಹೆಸರು ಬಂದಿತು. ವಿನಯ, ಪ್ರಾಮಾಣಿಕತೆ, ಸಹನೆ, ಆತ್ಮಸಂಯಮ, ಅದಮ್ಯ ಧೈರ್ಯ ಎಂಬ ಐದು ತತ್ತ್ವಗಳನ್ನೂ, ವಿದ್ಯೆಯನ್ನು ದುರುಪಯೋಗಪಡಿಸೆನೆಂಬ ಪ್ರತಿಜ್ಞೆಯನ್ನೂ ಶಿಷ್ಯರಿಗೆ ವಿಧಿಸಿದರು. ಅಣುವ್ರತಗಳೂ ಐದೇ, ಆದರೆ ಹೋಲಿಕೆ ಬಹುಮಟ್ಟಿಗೆ ಸಂಖ್ಯೆಯಲ್ಲೇ ಮುಗಿಯುತ್ತದೆ. ಸೈನಿಕನಿಗೆ ಕಲಿಸಿದ ವಿದ್ಯೆಯಲ್ಲಿ ಅಹಿಂಸೆಯನ್ನು ಹುಡುಕುವುದು ತರವಲ್ಲ. ಆದರೂ ಆ ಪ್ರತಿಜ್ಞೆಯನ್ನು ನಾನು ಹಗುರವಾಗಿ ಕಾಣಲಾರೆ. ಭರತನನ್ನು ಮೇಲೆತ್ತಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಲಿಲ್ಲ. ಎತ್ತಲಾರದವನಿಗೆ ಆ ಸಂಯಮವನ್ನು ತೋರುವ ಸಂದರ್ಭವಾದರೂ ಎಲ್ಲಿ?

ಚೋಯ್ ಅವರಿಗೆ ಕ್ರೋಧಕ್ಕಿಂತ ಮಾನಕಷಾಯವನ್ನು ಗೆಲ್ಲುವುದೇ ಕಠಿಣವಾಯಿತೆಂದು ನನ್ನ ಭಾವನೆ. 1966ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಸರ್ಕಾರದೊಡನೆ ವಿರಸ ಬೆಳೆದು 1972ರಲ್ಲಿ ಕೆನಡಾಕ್ಕೆ ಹೋದರು. ಮರುವರ್ಷ ಸಿಯೋಲಿನಲ್ಲಿ ಬೇರೊಂದು ಒಕ್ಕೂಟ ಹುಟ್ಟಿತು. ಒಲಿಂಪಿಕ್ಸ್ ತಲುಪಿದ್ದು ಅದರ ಪದ್ಧತಿಯೇ. ತಮ್ಮದೇ ನಿಜವಾದ ವಿದ್ಯೆಯೆಂಬ ವಾದವನ್ನು ಇವರು ಬಿಡಲಿಲ್ಲ. 2002ರಲ್ಲಿ, ಒಮ್ಮೆ ಸೆರೆಯಲ್ಲಿದ್ದ ಪ್ಯೊಂಗ್ಯಾಂಗಿನಲ್ಲೇ ತೀರಿಕೊಂಡರು. ಬಳಿಕ ಅವರ ಒಕ್ಕೂಟವೂ ಹೋಳಾಯಿತು.

ಮಕ್ಕಳನ್ನು ತರಗತಿಗೆ ಸೇರಿಸುವುದರಿಂದ ವ್ರತಭಂಗವಾಗದೆಂದೇ ನನ್ನ ಅಭಿಪ್ರಾಯ. ಆದರೆ ಶುಲ್ಕವನ್ನು ವಿಚಾರಿಸುವ ತಂದೆತಾಯಿಗಳು, ಮನೆಯಂಗಳದಲ್ಲಿ ಅಭ್ಯಾಸ ಮಾಡುವ ಮಗುವು ಯಾರನ್ನು ನೆನೆದು ಒದೆಯುತ್ತಿದೆಯೆಂಬುದನ್ನೂ ಒಮ್ಮೆ ಕೇಳಬೇಕು.